ಕಾರ್ಡಿನಲ್ಲಿ ಓ ಪಾಸಿಟಿವ್, ಆದರೆ ಯಾವ ಓ ಬ್ಯಾಗೂ ಹೊಂದುತ್ತಿಲ್ಲ: ಏನು ಕಾರಣ, ಮುಂದೇನು?

ವಾರ್ಡ್ ಸಿಸ್ಟರ್

ತಾಲ್ಲೂಕು ಆಸ್ಪತ್ರೆಗಳಲ್ಲಿ ಕೆಲಸ ಮಾಡುವ ಎಲ್ಲರಿಗೂ ಉಪಯೋಗವಾಗಲಿ ಎಂದು ಕೇಳುತ್ತಿದ್ದೇನೆ. ರೋಗಿಯ ಹಳೇ ಕಾರ್ಡಿನಲ್ಲಿ ಓ ಪಾಸಿಟಿವ್ ಇರುತ್ತದೆ. ಆಸ್ಪತ್ರೆಯ ಲ್ಯಾಬಿನಲ್ಲಿ ಸ್ಲೈಡ್ ಮೇಲೆ ನೋಡಿದರೂ ಓ ಪಾಸಿಟಿವ್. ರಕ್ತನಿಧಿಗೆ ಸ್ಯಾಂಪಲ್ ಹೋದ ಮೇಲೆ ಮಾತ್ರ, ಎಷ್ಟು ಓ ಪಾಸಿಟಿವ್ ಬ್ಯಾಗ್ ತೆಗೆದು ನೋಡಿದರೂ ಕ್ರಾಸ್‌ಮ್ಯಾಚ್ ಇನ್‌ಕಂಪ್ಯಾಟಿಬಲ್ (ದಾನಿಯ ಕಣ ರೋಗಿಯ ಸೀರಮ್‌ಗೆ, ಅಂದರೆ ರಕ್ತದ ತಿಳಿ ಭಾಗಕ್ಕೆ, ಹೊಂದುತ್ತಿಲ್ಲ) ಎಂದು ಫೋನ್ ಬರುತ್ತದೆ. ಇಂಥ ಹೊತ್ತಿನಲ್ಲಿ ಓ ನೆಗೆಟಿವ್ ತರಿಸಿದರೆ ಆಗುತ್ತದೆಯೇ? ರೋಗಿಯ ಕಡೆಯವರು ಎದುರಿಗೇ ನಿಂತಿರುತ್ತಾರೆ. ಅವರಿಗೆ ಯಾರನ್ನು ಹುಡುಕಿ ಎಂದು ಹೇಳಬೇಕು?

ದಾವಣಗೆರೆ ಲ್ಯಾಬ್

ಸಿಸ್ಟರ್, ಕಾರಣ ಗೊತ್ತಾಗುವ ತನಕ ಯಾರನ್ನೂ ಹುಡುಕಲು ಹೇಳಬೇಡಿ. ಹತ್ತು ಜನ ಓ ಗುಂಪಿನವರನ್ನು ವ್ಯಾನಿನಲ್ಲಿ ಕರೆತಂದರೂ ಹತ್ತೂ ಬ್ಯಾಗ್ ಹೊಂದದೇ ಹೋಗಬಹುದು.

ಓ ನೆಗೆಟಿವ್ ಇದಕ್ಕೆ ಪರಿಹಾರ ಅಲ್ಲ. ನೆಗೆಟಿವ್ ಎಂದರೆ ಕಣದ ಮೇಲೆ ಡಿ ಎಂಬ ಆ್ಯಂಟಿಜೆನ್ (ಗುರುತಿನ ವಸ್ತು) ಇಲ್ಲ ಎಂದಷ್ಟೇ ಅರ್ಥ. ರೋಗಿಗೆ ತಕರಾರು, ಅಂದರೆ ಹೊರಗಿನ ಕಣವನ್ನು ಹಿಡಿಯುವ ಆ್ಯಂಟಿಬಾಡಿ, ಡಿ ಮೇಲೆ ಇದ್ದರೆ ಮಾತ್ರ ಅದು ಕೆಲಸಕ್ಕೆ ಬರುತ್ತದೆ, ಪಾಸಿಟಿವ್ ರೋಗಿಗೆ ಆ ತಕರಾರು ಸಾಮಾನ್ಯವಾಗಿ ಇರುವುದಿಲ್ಲ. ನಮ್ಮ ದೇಶದಲ್ಲಿ ಆರ್‌ಎಚ್ ನೆಗೆಟಿವ್ ಇರುವವರೇ ನೂರಕ್ಕೆ ಐದಾರು ಮಂದಿ, ಅದರಲ್ಲಿ ಓ ಇನ್ನೂ ಕಡಿಮೆ. ಸುಮ್ಮನೆ ಒಂದು ಬ್ಯಾಗ್ ವ್ಯರ್ಥ.

ರಕ್ತನಿಧಿಗೆ ಫೋನ್ ಮಾಡಿ ಈ ನಾಲ್ಕು ವಿಷಯ ಕೇಳಿ:

1. ಆಟೋ ಕಂಟ್ರೋಲ್ ಏನು ಬಂತು? (ರೋಗಿಯದೇ ಕಣ, ರೋಗಿಯದೇ ಸೀರಮ್.)
2. ಡೈರೆಕ್ಟ್ ಕೂಂಬ್ಸ್ ಏನು? (ರೋಗಿಯ ಕಣಕ್ಕೆ ಆಗಲೇ ಆ್ಯಂಟಿಬಾಡಿ ಅಂಟಿದೆಯೇ ಎಂಬ ಪರೀಕ್ಷೆ.)
3. ರಿವರ್ಸ್ ಗ್ರೂಪಿಂಗ್‌ನಲ್ಲಿ (ಗೊತ್ತಿರುವ ಕಣದ ಜೊತೆ ರೋಗಿಯ ಸೀರಮ್) ಓ ಕಣದ ಟ್ಯೂಬ್ ಇಟ್ಟಿದ್ದರೇ, ಅದರಲ್ಲಿ ಕಣ ಗಂಟು ಕಟ್ಟಿತೇ?
4. ಕ್ರಾಸ್‌ಮ್ಯಾಚ್ ಯಾವ ಹಂತದಲ್ಲಿ ಪಾಸಿಟಿವ್ ಆಯಿತು: ರೂಮ್ ಟೆಂಪರೇಚರ್‌ನಲ್ಲೋ, 37 ಡಿಗ್ರಿಯಲ್ಲೋ, ಕೂಂಬ್ಸ್ ರೀಏಜೆಂಟ್ (ಕಣಕ್ಕೆ ಅಂಟಿದ ಆ್ಯಂಟಿಬಾಡಿ ತೋರಿಸುವ ದ್ರಾವಣ) ಹಾಕಿದ ಮೇಲೋ?

ಆಟೋ ಕಂಟ್ರೋಲ್ ಪಾಸಿಟಿವ್ ಇದ್ದರೆ ದಾರಿಯೇ ಬೇರೆ. ರೋಗಿ ತನ್ನ ಕಣಗಳ ಮೇಲೇ ಆ್ಯಂಟಿಬಾಡಿ ಮಾಡಿಕೊಂಡಿರಬಹುದು, ಕೋಲ್ಡ್ ಆ್ಯಂಟಿಬಾಡಿ ಇರಬಹುದು, ಅಥವಾ ಪ್ರೋಟೀನ್ ಹೆಚ್ಚಾಗಿ ಕಣಗಳು ನಾಣ್ಯ ಜೋಡಿಸಿದಂತೆ ಕೂತಿರಬಹುದು. ಈ ಮೂರನೆಯದಕ್ಕೆ ಟ್ಯೂಬಿನ ಸೀರಮ್ ತೆಗೆದು ಅಷ್ಟೇ ಸಲೈನ್ ಹಾಕಿ ತಿರುಗಿಸಿದರೆ ಗಂಟು ಬಿಟ್ಟುಕೊಳ್ಳುತ್ತದೆ, ನಿಜವಾದ ಅಗ್ಲುಟಿನೇಷನ್ (ಆ್ಯಂಟಿಬಾಡಿಯಿಂದ ಕಟ್ಟಿದ ಗಂಟು) ಆದರೆ ಬಿಡುವುದಿಲ್ಲ. ಆಟೋ ಕಂಟ್ರೋಲ್ ನೆಗೆಟಿವ್, ಸಿಕ್ಕ ಓ ಬ್ಯಾಗೆಲ್ಲ ಪಾಸಿಟಿವ್, ಅದೂ ರೂಮ್ ಟೆಂಪರೇಚರ್‌ನಲ್ಲೇ 4 ಪ್ಲಸ್ (ಅತಿ ಗಟ್ಟಿ ಗಂಟು) ಎಂದರೆ ಮೊದಲ ಅನುಮಾನ ಓ ಥರ ಕಾಣುವ ಅಪರೂಪದ ಬಾಂಬೆ ಗುಂಪಿನ ಮೇಲೆ.

ಪ್ಯಾಥೋ ಧಾರವಾಡ

ಸ್ಲೈಡ್ ಟೆಸ್ಟ್ ಅಂದ್ರ ಅರ್ಧಾ ಪರೀಕ್ಷಾ ನೋಡ್ರಿ. ಅದ್ರಾಗ ನೀವು ಕಣದ ಮ್ಯಾಲ ಏನದ ಅನ್ನೋದಷ್ಟ ಕೇಳ್ತೀರಿ, ಸೀರಮ್‌ನಾಗ ಏನದ ಅಂತ ಕೇಳಂಗಿಲ್ಲ. ಬಾಂಬೆ ಸಿಕ್ಕಿಬೀಳೋದು ಸೀರಮ್‌ನಾಗ.

ಎ, ಬಿ ಆ್ಯಂಟಿಜೆನ್ ಎರಡಕ್ಕೂ ಎಚ್ ಅನ್ನೋದು ಅಡಿಪಾಯ. ಎ ಗುಂಪಿನವರಲ್ಲಿ ಅದರ ಮ್ಯಾಲ ಒಂದು ಸಕ್ಕರೆ ಕೂಡ್ತದ, ಬಿ ಗುಂಪಿನವರಲ್ಲಿ ಇನ್ನೊಂದು. ಓ ಗುಂಪಿನವರಲ್ಲಿ ಏನೂ ಕೂಡಂಗಿಲ್ಲ, ಎಚ್ ಹಂಗೇ ಬಯಲಿಗೆ ಇರ್ತದ. ಅದಕ್ಕ ಎಲ್ಲಾ ಗುಂಪಿಗಿಂತ ಹೆಚ್ಚು ಎಚ್ ಇರೋದು ಓ ಕಣದ ಮ್ಯಾಲ. ಬಾಂಬೆ ಗುಂಪಿನವರಲ್ಲಿ ಎಫ್‌ಯುಟಿ1 ಅನ್ನೋ ಎಚ್ ಜೀನಿನ ಎರಡೂ ಪ್ರತಿ ಕೆಲಸಾ ಮಾಡಂಗಿಲ್ಲ, ಎಚ್ ತಯಾರೇ ಆಗಂಗಿಲ್ಲ. ಎ ಇಲ್ಲ, ಬಿ ಇಲ್ಲ, ಎಚ್ ಸುದ್ದಾ ಇಲ್ಲ. ಸ್ಲೈಡ್ ಮ್ಯಾಲ ಆ್ಯಂಟಿ-ಎ, ಆ್ಯಂಟಿ-ಬಿ ಹಾಕಿದ್ರ ಎರಡೂ ನೆಗೆಟಿವ್ ಬರ್ತದ, ಓ ಅಂತ ಬರದು ಕೊಡ್ತಾರ.

ಆದ್ರ ಅವರ ಸೀರಮ್‌ನಾಗ ಆ್ಯಂಟಿ-ಎ, ಆ್ಯಂಟಿ-ಬಿ ಜೋಡಿ ಆ್ಯಂಟಿ-ಎಚ್ ಇರ್ತದ. ಹುಟ್ಟಿನಿಂದ ಬಂದ ಗುಣ, ಹಿಂದ ರಕ್ತಾ ಏರಿಸಿರಬೇಕು ಅಂತಿಲ್ಲ. ಈ ಆ್ಯಂಟಿ-ಎಚ್ 37 ಡಿಗ್ರಿಗೂ ಕೆಲಸಾ ಮಾಡ್ತದ, ಕಾಂಪ್ಲಿಮೆಂಟ್ (ರಕ್ತದಾಗಿನ ಕಣ ಒಡೆಯೋ ಪ್ರೋಟೀನು) ಎಳಕೊಂಡು ಕಣಾ ಒಡೀತದ. ಓ ರಕ್ತಾ ಕೊಟ್ರ ಎ ಗುಂಪಿನವರಿಗೆ ಬಿ ಕೊಟ್ಟಷ್ಟ ಅಪಾಯ.

ಟ್ಯೂಬಿನಾಗ ಹಿಂಗ ಕಾಣ್ತದ: ರೋಗಿ ಕಣಾ ನೋಡೋ ಫಾರ್ವರ್ಡ್‌ನಾಗ ಆ್ಯಂಟಿ-ಎ ಸೊನ್ನೆ, ಆ್ಯಂಟಿ-ಬಿ ಸೊನ್ನೆ, ಆ್ಯಂಟಿ-ಎಬಿ ಸೊನ್ನೆ. ರಿವರ್ಸ್‌ನಾಗ ಎ ಕಣ 4 ಪ್ಲಸ್, ಬಿ ಕಣ 4 ಪ್ಲಸ್, ಓ ಕಣ 4 ಪ್ಲಸ್. ಆ ಮೂರನೇ ಟ್ಯೂಬ್ ಇಡದಿದ್ರ ನಿಮಗ ಇದು ಪಕ್ಕಾ ಓ ಗುಂಪಾಗೇ ಕಾಣ್ತದ. ಖರ್ಚು ಅಂದ್ರ ಒಂದ್ ಹನಿ ಓ ಕಣ. ಅದನ್ನ ಉಳಿಸೋ ಲ್ಯಾಬ್ ಎಷ್ಟೋ ಅವ.

1952ರಾಗ ಮುಂಬೈನಾಗ ಡಾ. ವೈ. ಎಂ. ಭೇಂಡೆ ಮತ್ತ ಅವರ ಜೋಡಿದಾರರು ಇದನ್ನ ಮೊದಲ ವರದಿ ಮಾಡಿದ್ರು. ಭಾರತದಾಗ ಸುಮಾರು 10,000 ಮಂದಿಗೆ ಒಬ್ಬರು ಅಂತ ಲೆಕ್ಕಾ ಹೇಳ್ತಾರ, ಯುರೋಪಿನಾಗ 10 ಲಕ್ಷಕ್ಕ ಒಬ್ಬರು.

ಓಟಿ ಮಂಜು

ಎಲ್ಲ ಸರಿ ಸರ್. ಆದರೆ ಹೆರಿಗೆ ಆಗಿ ರಕ್ತ ಹರಿಯುತ್ತಿರುವಾಗ ಈ ಪರೀಕ್ಷೆಗಳಿಗೆಲ್ಲ ಯಾರು ಕಾಯುತ್ತಾರೆ? ಓ ಗುಂಪು ಎಲ್ಲರಿಗೂ ಆಗುತ್ತದೆ ಎಂದೇ ನಾವೆಲ್ಲ ಓದಿದ್ದು. ಕ್ರಾಸ್‌ಮ್ಯಾಚ್ ಇಲ್ಲದೆ ಓ ಕೊಡುವ ಪದ್ಧತಿ ಎಲ್ಲ ಕಡೆ ಇದೆ.

ದಾವಣಗೆರೆ ಲ್ಯಾಬ್

ಮಂಜು, ಪದ್ಧತಿ ಇದೆ ನಿಜ, ಅದನ್ನು ಯಾರೂ ತಪ್ಪು ಎನ್ನುವುದಿಲ್ಲ. ಗುಂಪು ಗೊತ್ತಿಲ್ಲದೆ ಪ್ರಾಣ ಹೋಗುವ ಸ್ಥಿತಿ ಇದ್ದರೆ ಹೆರಿಗೆ ವಯಸ್ಸಿನ ಹೆಂಗಸರಿಗೆ ಓ ನೆಗೆಟಿವ್, ಗಂಡಸರಿಗೆ ಓ ಪಾಸಿಟಿವ್ ಪ್ಯಾಕ್ಡ್ ಸೆಲ್ (ಬೇರ್ಪಡಿಸಿದ ಕೆಂಪು ಕಣ) ಕೊಡುತ್ತಾರೆ, ಡಾಕ್ಟರ್ ಸಹಿ ಮಾಡಿದ ಕೋರಿಕೆಯ ಮೇಲೆ. ಆದರೆ ಇಲ್ಲಿ ಹೊಂದುವುದಿಲ್ಲ ಎಂದು ಲ್ಯಾಬ್ ಈಗಾಗಲೇ ತೋರಿಸಿಕೊಟ್ಟಿದೆ. ಗೊತ್ತಿಲ್ಲದೆ ಕೊಡುವುದೂ ಗೊತ್ತಿದ್ದೂ ಕೊಡುವುದೂ ಒಂದೇ ಅಲ್ಲ.

ಸಮಯದ ಲೆಕ್ಕವನ್ನೂ ನೋಡಿ. ಜೆಲ್ ಕಾರ್ಡಿನಲ್ಲಿ (ಟ್ಯೂಬಿನ ಬದಲು ಜೆಲ್ ತುಂಬಿದ ಕಾರ್ಡು) ಪೂರ್ತಿ ಕ್ರಾಸ್‌ಮ್ಯಾಚ್‌ಗೆ 15 ನಿಮಿಷ ಇನ್‌ಕ್ಯುಬೇಷನ್, 10 ನಿಮಿಷ ಸೆಂಟ್ರಿಫ್ಯೂಜ್. ಸ್ಯಾಂಪಲ್ ತಿರುಗಿಸುವುದು, ಬ್ಯಾಗಿನ ಸೆಗ್ಮೆಂಟ್ ಕತ್ತರಿಸುವುದು, ರಿಜಿಸ್ಟರ್ ಎಲ್ಲ ಸೇರಿ ಮುಕ್ಕಾಲು ಗಂಟೆ ಹಿಡಿಯಿರಿ. ಆದರೆ ಇಮಿಡಿಯೇಟ್ ಸ್ಪಿನ್ ಎಂಬ ಮೊದಲ ಹಂತಕ್ಕೆ ಐದರಿಂದ ಹತ್ತು ನಿಮಿಷ ಸಾಕು: ದಾನಿಯ ಕಣ, ರೋಗಿಯ ಸೀರಮ್, ತಿರುಗಿಸು, ನೋಡು. ಎಬಿಓ ತಪ್ಪು ಸಿಕ್ಕಿಬೀಳುವುದು ಅಲ್ಲೇ. ಬಾಂಬೆ ರೋಗಿಯ ಸೀರಮ್ ಕೂಡ ಅಲ್ಲೇ ಗಟ್ಟಿಯಾಗಿ ಹಿಡಿಯುತ್ತದೆ. ಎಷ್ಟು ತುರ್ತು ಇದ್ದರೂ ಇದೊಂದನ್ನು ಬಿಡದಿದ್ದರೆ ದೊಡ್ಡ ಅನಾಹುತ ತಪ್ಪುತ್ತದೆ. ಬ್ಯಾಗ್ ಹೊರಗೆ ಹೋದ ಮೇಲೂ ಉಳಿದ ಹಂತಗಳನ್ನು ಮುಗಿಸಿ, ಪಾಸಿಟಿವ್ ಬಂದರೆ ತಕ್ಷಣ ಫೋನ್ ಮಾಡಿ ನಿಲ್ಲಿಸಬೇಕು.

ಓ ಎಲ್ಲರಿಗೂ ಆಗುತ್ತದೆ ಎನ್ನುವುದು ಕೆಂಪು ಕಣಕ್ಕೆ ಮಾತ್ರ ಹೇಳಿದ ಮಾತು. ಪೂರ್ತಿ ರಕ್ತಕ್ಕೂ ಅಲ್ಲ, ಪ್ಲಾಸ್ಮಾಕ್ಕಂತೂ ಅಲ್ಲವೇ ಅಲ್ಲ.

ಶಿಬಿರ ಸಂಯೋಜಕ

ಈ ಪ್ಲಾಸ್ಮಾ ವಿಷಯ ಸ್ವಲ್ಪ ಬಿಡಿಸಿ ಹೇಳಿ. ವಾಟ್ಸ್‌ಆ್ಯಪ್ ಗುಂಪುಗಳಲ್ಲಿ "ಎಫ್‌ಎಫ್‌ಪಿ ಬೇಕು, ಬಾಂಬೆ ಗುಂಪಿನ ದಾನಿಯೇ ಬೇಕು" ಎಂಬ ಸಂದೇಶ ಬರುತ್ತಿರುತ್ತದೆ (ಎಫ್‌ಎಫ್‌ಪಿ ಎಂದರೆ ಫ್ರೀಜ್ ಮಾಡಿಟ್ಟ ತಾಜಾ ಪ್ಲಾಸ್ಮಾ). ನಿಜವಾಗಿ ಬೇಕೇ?

ಉಡುಪಿ ಬ್ಲಡ್ ಸೆಂಟರ್

ಬೇಡ ಮಾರಾಯ್ರೆ. ಕೆಂಪು ಕಣ ಕೊಡುವಾಗ ನೋಡಬೇಕಾದ್ದು ದಾನಿಯ ಕಣದ ಮೇಲಿನ ಆ್ಯಂಟಿಜೆನ್ ಮತ್ತು ರೋಗಿಯ ಸೀರಮ್. ಪ್ಲಾಸ್ಮಾ ಕೊಡುವಾಗ ಅದು ತಿರುಗಿಬೀಳುತ್ತದೆ: ದಾನಿಯ ಪ್ಲಾಸ್ಮಾದಲ್ಲಿರುವ ಆ್ಯಂಟಿಬಾಡಿ, ರೋಗಿಯ ಕಣ.

ಹಾಗಾಗಿ ಕೆಂಪು ಕಣದಲ್ಲಿ ಬಾಂಬೆ ಬಿಟ್ಟು ಉಳಿದವರಲ್ಲಿ ಓ ದಾನಿ ಎಲ್ಲರಿಗೆ, ಎಬಿ ರೋಗಿ ಎಲ್ಲರಿಂದ. ಎ ರೋಗಿಗೆ ಎ ಅಥವಾ ಓ, ಬಿ ರೋಗಿಗೆ ಬಿ ಅಥವಾ ಓ, ಓ ರೋಗಿಗೆ ಓ ಮಾತ್ರ. ಪ್ಲಾಸ್ಮಾದಲ್ಲಿ ಎಬಿ ದಾನಿ ಎಲ್ಲರಿಗೆ, ಏಕೆಂದರೆ ಅವರಲ್ಲಿ ಆ್ಯಂಟಿ-ಎ, ಆ್ಯಂಟಿ-ಬಿ ಎರಡೂ ಇಲ್ಲ. ಎ ರೋಗಿಗೆ ಎ ಅಥವಾ ಎಬಿ, ಬಿ ರೋಗಿಗೆ ಬಿ ಅಥವಾ ಎಬಿ, ಎಬಿ ರೋಗಿಗೆ ಎಬಿ ಮಾತ್ರ. ಓ ದಾನಿಯ ಪ್ಲಾಸ್ಮಾ ಓ ರೋಗಿಗೆ ಮಾತ್ರ, ಆದರೆ ಓ ರೋಗಿ ಯಾವ ಗುಂಪಿನ ಪ್ಲಾಸ್ಮಾ ಬೇಕಾದರೂ ಪಡೆಯಬಹುದು. ಪ್ಲಾಸ್ಮಾಕ್ಕೆ ಆರ್‌ಎಚ್ ನೋಡುವ ಅಗತ್ಯ ಇಲ್ಲ.

ಬಾಂಬೆ ರೋಗಿಯ ಕಣದ ಮೇಲೆ ಎ, ಬಿ, ಎಚ್ ಯಾವುದೂ ಇಲ್ಲ. ಸಾಮಾನ್ಯ ದಾನಿಯ ಆ್ಯಂಟಿ-ಎ, ಆ್ಯಂಟಿ-ಬಿ ಅಲ್ಲಿ ಹೋಗಿ ಹಿಡಿದುಕೊಳ್ಳುವುದಕ್ಕೆ ಏನೂ ಇಲ್ಲ. ಆದ್ದರಿಂದ ಸ್ಟಾಕಿನಲ್ಲಿರುವ ಸಾಮಾನ್ಯ ಎಫ್‌ಎಫ್‌ಪಿ ಸಾಕು. ಪ್ಲೇಟ್‌ಲೆಟ್ ವಿಷಯವನ್ನು ಟ್ರಾನ್ಸ್‌ಫ್ಯೂಷನ್ ಮೆಡಿಸಿನ್ ಡಾಕ್ಟರ ತೀರ್ಮಾನಕ್ಕೆ ಬಿಡಿ, ಚೀಲದಲ್ಲಿ ಉಳಿದಿರುವ ಕೆಂಪು ಕಣದ ಪ್ರಮಾಣ, ಪ್ಲೇಟ್‌ಲೆಟ್ ಏರುತ್ತದೋ ಇಲ್ಲವೋ ಎರಡನ್ನೂ ನೋಡಬೇಕಾಗುತ್ತದೆ. ಬಾಂಬೆ ದಾನಿಯ ಕೆಂಪು ಕಣವನ್ನು ಮಾತ್ರ ಬಾಂಬೆ ರೋಗಿಗೆಂದು ಎತ್ತಿಡಬೇಕು.

ಪ್ಯಾಥೋ ಧಾರವಾಡ

ಬಾಂಬೆ ಅಂತ ಅನುಮಾನ ಬಂದಾಗ ಖಾತ್ರಿ ಮಾಡೋದು ಎಚ್ ಇದ್ದ ಕಣಾನ ಗಂಟು ಕಟ್ಟೋ ಬೀಜದ ಪ್ರೋಟೀನು, ಅಂದ್ರ ಆ್ಯಂಟಿ-ಎಚ್ ಲೆಕ್ಟಿನ್‌ನಿಂದ. ಉಲೆಕ್ಸ್ ಯುರೋಪಿಯಸ್ ಅನ್ನೋ ಮುಳ್ಳಿನ ಗಿಡದ ಬೀಜದಿಂದ ತೆಗೀತಾರ. ಬ್ರಿಟಿಷರ ಕಾಲಕ್ಕ ಬಂದು ಈಗ ನೀಲಗಿರಿ ಗುಡ್ಡದಾಗ ಕಳೆಯಾಗಿ ಹಬ್ಬೇದಲ್ರಿ, ಹಳದಿ ಹೂವಿನ ಗಿಡಾ, ಅದೇ. ಇನ್ನೂ ಮಜಾ ಅಂದ್ರ, ಎ ಗುಂಪಿನ ಉಪಗುಂಪು ಎ1 ಮತ್ತ ಎ2 ಬ್ಯಾರೆ ಮಾಡೋ ಲೆಕ್ಟಿನ್ ಬರೋದು ಡಾಲಿಕೋಸ್ ಬೈಫ್ಲೋರಸ್‌ನಿಂದ, ಅಂದ್ರ ನಮ್ಮ ಹುರುಳಿಯಿಂದ. ಹುರುಳಿ ಸಾರು ಕುಡಿಯೋ ಮಂದಿಗೆ ಇದು ಗೊತ್ತಿರಬೇಕು!

ಲೆಕ್ಟಿನ್ ಹಾಕುವಾಗ ಕಂಟ್ರೋಲ್ (ಗುಂಪು ಗೊತ್ತಿರೋ ಕಣ) ಬಿಡಬ್ಯಾಡ್ರಿ. ಎಚ್ ಪ್ರಮಾಣ ಓ ಕಣದಾಗ ಎಲ್ಲಕ್ಕಿಂತ ಹೆಚ್ಚು, ಆಮ್ಯಾಲ ಎ2, ಬಿ, ಎ2ಬಿ, ಎ1, ಕಡೀಕ ಎ1ಬಿ. ಹಂಗಾಗಿ ಓ ಕಣ ಗಟ್ಟಿ ಪಾಸಿಟಿವ್ ಬರಬೇಕು, ಎ1ಬಿ ಕಣ ಬಾಳ ಸಣ್ಣದಾಗಿ ಬರಬೇಕು ಇಲ್ಲಾ ಬರಬಾರದು. ಓ ಕಂಟ್ರೋಲೇ ಸೊನ್ನೆ ಬಂದ್ರ ಲೆಕ್ಟಿನ್ ಕೆಟ್ಟದ ಅಂತ ತಿಳೀರಿ, ರೋಗಿನ್ನ ಬಾಂಬೆ ಅನ್ನಬ್ಯಾಡ್ರಿ. ರೋಗಿ ಕಣ ಸೊನ್ನೆ, ಓ ಕಂಟ್ರೋಲ್ 4 ಪ್ಲಸ್: ಆವಾಗ ಬಾಂಬೆ.

ಪ್ಯಾರಾ-ಬಾಂಬೆ ಅಂತ ಇನ್ನೊಂದದ. ಕಣದ ಮ್ಯಾಲ ಎಚ್ ಇಲ್ಲ ಇಲ್ಲಾ ಬಾಳ ಕಡಿಮಿ, ಆದ್ರ ಎಂಜಲಿನಾಗ ಎಚ್ ಇರ್ತದ. ಎಂಜಲು ಪರೀಕ್ಷಾ ಮತ್ತ ಅಡ್ಸಾರ್ಪ್ಷನ್-ಎಲ್ಯೂಷನ್ (ಕಣಕ್ಕ ಆ್ಯಂಟಿಬಾಡಿ ಅಂಟಿಸಿ ಮತ್ತ ಬಿಡಿಸಿ ನೋಡೋದು) ಮಾಡಿದ್ರ ಗೊತ್ತಾಗ್ತದ. ಇವರಿಗೂ ಬಾಂಬೆ ರಕ್ತಾನೇ ಸುರಕ್ಷಿತ. ಆ್ಯಂಟಿಬಾಡಿ 37 ಡಿಗ್ರಿಗೆ ಕೆಲಸಾ ಮಾಡಂಗಿಲ್ಲ ಅಂತ ತೋರಿಸಿಕೊಟ್ರ, 37 ಡಿಗ್ರಿಗೆ ಮತ್ತ ಕೂಂಬ್ಸ್‌ಗೆ ಹೊಂದೋ ಬ್ಯಾಗ್ ಕೊಡೋದು ಡಾಕ್ಟರ್ ನಿರ್ಧಾರ.

ದಾವಣಗೆರೆ ಲ್ಯಾಬ್

ಪರೀಕ್ಷೆ ಎಲ್ಲೆಲ್ಲಿ ಕೆಡುತ್ತದೆ ಎಂಬುದನ್ನೂ ಸೇರಿಸುತ್ತೇನೆ. ಯಾವ ಬ್ಯಾಗೂ ಹೊಂದುತ್ತಿಲ್ಲ ಎಂಬ ಗಾಬರಿಯಲ್ಲಿ ಅರ್ಧ ಪಾಲು ಇಲ್ಲೇ ಹುಟ್ಟುತ್ತದೆ.

ಸ್ಯಾಂಪಲ್ ತೆಗೆದವರು ರೋಗಿಯ ಹಾಸಿಗೆಯ ಬಳಿಯೇ ಟ್ಯೂಬಿಗೆ ಹೆಸರು, ಐಪಿ ನಂಬರ್ (ಒಳರೋಗಿ ಸಂಖ್ಯೆ), ತಾರೀಖು, ಸಮಯ ಬರೆಯಬೇಕು. ನರ್ಸಿಂಗ್ ಸ್ಟೇಷನ್‌ಗೆ ತಂದು ಸಾಲಾಗಿ ಲೇಬಲ್ ಹಚ್ಚಿದರೆ ಅದಲುಬದಲಾಗುತ್ತದೆ. ಇಂಥ ತಪ್ಪನ್ನು ಮುಂದೆ ಯಾವ ಪರೀಕ್ಷೆಯೂ ಸುಲಭಕ್ಕೆ ಹಿಡಿಯಲಾರದು, ಹಳೇ ದಾಖಲೆ ಇದ್ದರೆ ಹೋಲಿಸಬಹುದು ಅಷ್ಟೇ. ಡ್ರಿಪ್ ಹೋಗುತ್ತಿರುವ ಕೈಯಿಂದ ತೆಗೆಯಬೇಡಿ. ಸಣ್ಣ ಸೂಜಿಯಲ್ಲಿ ಜೋರಾಗಿ ಎಳೆದು ಕಣ ಒಡೆದರೆ ಸೀರಮ್ ಕೆಂಪಾಗಿ, ಹಿಮೋಲಿಸಿಸ್ (ಕಣ ಒಡೆಯುವುದು) ಓದಲು ಆಗುವುದಿಲ್ಲ. ಪರೀಕ್ಷೆಯಲ್ಲಿ ಕಣ ಒಡೆದು ಟ್ಯೂಬ್ ಕೆಂಪಾದರೂ ಅದು ಪಾಸಿಟಿವ್ ಫಲಿತಾಂಶವೇ, ಗಂಟು ಕಟ್ಟಿಲ್ಲ ಎಂದು ನೆಗೆಟಿವ್ ಬರೆಯುವವರಿದ್ದಾರೆ. ಬಾಂಬೆ ಸೀರಮ್‌ನಲ್ಲಿ ಇದು ಚೆನ್ನಾಗಿಯೇ ಕಾಣಿಸಬಹುದು.

ಜೆಲ್ ಆದರೆ 0.8 ಪರ್ಸೆಂಟ್ ಕಣ 50 ಮೈಕ್ರೋಲೀಟರ್, ರೋಗಿಯ ಪ್ಲಾಸ್ಮಾ 25 ಮೈಕ್ರೋಲೀಟರ್. ಮೊದಲು ಕಣ, ಆಮೇಲೆ ಪ್ಲಾಸ್ಮಾ. ಟ್ಯೂಬ್ ಆದರೆ 2ರಿಂದ 5 ಪರ್ಸೆಂಟ್ ಕಣ ಒಂದು ಹನಿ, ಸೀರಮ್ ಎರಡು ಹನಿ. ಕಣ ದಪ್ಪಗಾದರೆ ದುರ್ಬಲ ಆ್ಯಂಟಿಬಾಡಿ ತಪ್ಪಿಹೋಗುತ್ತದೆ. ಕೂಂಬ್ಸ್ ಹಾಕುವ ಮೊದಲು ಸಲೈನಿನಲ್ಲಿ ಮೂರ್ನಾಲ್ಕು ಸಲ ತೊಳೆಯಲೇಬೇಕು. ಒಂದು ಸಲ ಸರಿಯಾಗಿ ಚೆಲ್ಲದೆ ಸೀರಮ್ ಉಳಿದರೂ ಅದು ಕೂಂಬ್ಸ್ ರೀಏಜೆಂಟನ್ನು ತಿಂದುಹಾಕಿ ಸುಳ್ಳು ನೆಗೆಟಿವ್ ಬರುತ್ತದೆ. ಇದಕ್ಕೇ ನೆಗೆಟಿವ್ ಬಂದ ಪ್ರತಿ ಟ್ಯೂಬಿಗೂ ಚೆಕ್ ಸೆಲ್ (ಮೊದಲೇ ಆ್ಯಂಟಿಬಾಡಿ ಅಂಟಿಸಿದ ಕಣ) ಹಾಕುವುದು. ಚೆಕ್ ಸೆಲ್ ಹಾಕಿದ ಮೇಲೂ ಗಂಟು ಬರದಿದ್ದರೆ ಆ ಟ್ಯೂಬಿನ ಫಲಿತಾಂಶ ಕಸದ ಬುಟ್ಟಿಗೆ.

ಕಳೆದ ಮೂರು ತಿಂಗಳಲ್ಲಿ ರಕ್ತ ಏರಿಸಿದ್ದರೆ ಅಥವಾ ಗರ್ಭಿಣಿಯಾಗಿದ್ದರೆ ಸ್ಯಾಂಪಲ್ ಮೂರು ದಿನಕ್ಕಿಂತ ಹಳೆಯದಿರಬಾರದು. ಹೊಸ ಆ್ಯಂಟಿಬಾಡಿ ಅಷ್ಟರಲ್ಲೇ ಹುಟ್ಟಿಕೊಂಡಿರಬಹುದು.

ಬೆಂಗಳೂರು ಇಮ್ಯುನೋಹೆಮ

ಎಲ್ಲರೂ ಬಾಂಬೆ ಎಂದೇ ಹೋಗುತ್ತಿದ್ದೀರಿ, ಸ್ವಲ್ಪ ತಡೆಯಿರಿ. ಆಟೋ ಕಂಟ್ರೋಲ್ ನೆಗೆಟಿವ್, ಎಲ್ಲ ಓ ಬ್ಯಾಗೂ ಇನ್‌ಕಂಪ್ಯಾಟಿಬಲ್, ಆದರೆ ಆ್ಯಂಟಿ-ಎಚ್ ಲೆಕ್ಟಿನ್ ಮಾಮೂಲಿ ಪಾಸಿಟಿವ್ ಬಂದರೆ ಅದು ಬಾಂಬೆ ಅಲ್ಲ. ಬಹುಪಾಲು ಎಲ್ಲ ಮನುಷ್ಯರಲ್ಲೂ ಇರುವ ಒಂದು ಆ್ಯಂಟಿಜೆನ್ ಈ ರೋಗಿಯಲ್ಲಿ ಇಲ್ಲದಿರಬಹುದು.

ಇದಕ್ಕೆ ನಮ್ಮ ಕೋಲಾರದ್ದೇ ಉದಾಹರಣೆ ಇದೆ. 38 ವರ್ಷದ ಮಹಿಳೆ, ಹೃದಯ ಶಸ್ತ್ರಚಿಕಿತ್ಸೆಗೆ ದಾಖಲಾದವರು, ಓ ಪಾಸಿಟಿವ್. ಒಂದೇ ಒಂದು ಓ ಬ್ಯಾಗೂ ಹೊಂದಲಿಲ್ಲ. ರೋಟರಿ ಬೆಂಗಳೂರು ಟಿಟಿಕೆ ರಕ್ತ ಕೇಂದ್ರದ ಇಮ್ಯುನೋಹೆಮಟಾಲಜಿ ಲ್ಯಾಬಿಗೆ ಬಂದಾಗ ಅವರ ಸೀರಮ್ ಸಿಕ್ಕ ಕಣಕ್ಕೆಲ್ಲ ಪಾಸಿಟಿವ್. ಕುಟುಂಬದ 20 ಮಂದಿಯ ರಕ್ತ ನೋಡಿದರೂ ಹೊಂದುವುದು ಸಿಗಲಿಲ್ಲ. ಶಸ್ತ್ರಚಿಕಿತ್ಸೆಯನ್ನು ರಕ್ತ ಏರಿಸದೆಯೇ ಮುಗಿಸಿದರು. ಸ್ಯಾಂಪಲ್ ಇಂಗ್ಲೆಂಡಿನ ಬ್ರಿಸ್ಟಲ್‌ನಲ್ಲಿರುವ ಅಂತರರಾಷ್ಟ್ರೀಯ ರೆಫರೆನ್ಸ್ ಲ್ಯಾಬಿಗೆ ಹೋಯಿತು. ಸುಮಾರು ಹತ್ತು ತಿಂಗಳ ಕೆಲಸದ ನಂತರ ಅದು ಕ್ರೋಮರ್ ರಕ್ತಗುಂಪು ವ್ಯವಸ್ಥೆಗೆ ಸೇರಿದ ಹೊಸ ಆ್ಯಂಟಿಜೆನ್ ಎಂದು ಗೊತ್ತಾಯಿತು. ಕ್ರೋಮರ್, ಇಂಡಿಯಾ, ಬೆಂಗಳೂರು ಸೇರಿಸಿ ಕ್ರಿಬ್ ಎಂದು ಹೆಸರಿಟ್ಟು 2025ರ ಜೂನ್‌ನಲ್ಲಿ ಮಿಲಾನ್ ಸಮ್ಮೇಳನದಲ್ಲಿ ಪ್ರಕಟಿಸಿದರು.

ಅಂದರೆ ಬಾಂಬೆ ಅಲ್ಲ ಎಂದು ಖಾತ್ರಿಯಾದ ತಕ್ಷಣ ದಾನಿಗಳನ್ನು ಹುಡುಕುವುದರಲ್ಲಿ ದಿನ ಕಳೆಯಬೇಡಿ, ಸ್ಯಾಂಪಲನ್ನು ದೊಡ್ಡ ಲ್ಯಾಬಿಗೆ ಕಳಿಸಿ. ಇಡಿಟಿಎ ಟ್ಯೂಬ್ (ರಕ್ತ ಹೆಪ್ಪುಗಟ್ಟದಂತೆ ಮದ್ದು ಇರುವುದು), ಪ್ಲೇನ್ ಟ್ಯೂಬ್ (ಮದ್ದು ಇಲ್ಲದ್ದು) ಎರಡೂ ಬೇಕು. ಜೊತೆಗೆ ಹಿಂದೆ ರಕ್ತ ಏರಿಸಿದ ವಿವರ, ಬಸುರಿ-ಬಾಣಂತನದ ವಿವರ, ಔಷಧಿಗಳ ಪಟ್ಟಿ. ಈ ಚೀಟಿ ಇಲ್ಲದೆ ಬಂದ ಸ್ಯಾಂಪಲ್‌ನಿಂದ ಅರ್ಧ ದಿನ ಫೋನಿನಲ್ಲೇ ಹೋಗುತ್ತದೆ.

ಓಟಿ ಮಂಜು

ಬಾಂಬೆ ಎಂದು ಖಾತ್ರಿಯಾಯಿತು ಎನ್ನಿ. ಬ್ಯಾಗ್ ಎಲ್ಲಿಂದ?

ಉಡುಪಿ ಬ್ಲಡ್ ಸೆಂಟರ್

ಮೊದಲು ರೋಗಿಯ ಒಡಹುಟ್ಟಿದವರನ್ನು ಕರೆಸಿ. ತಂದೆ ತಾಯಿ ಇಬ್ಬರೂ ಕೆಟ್ಟ ಎಚ್ ಜೀನಿನ ಒಂದೊಂದು ಪ್ರತಿ ಹೊತ್ತವರಾದರೆ, ಪ್ರತಿ ಒಡಹುಟ್ಟಿದವರೂ ಬಾಂಬೆ ಆಗಿರುವ ಸಾಧ್ಯತೆ ನಾಲ್ಕರಲ್ಲಿ ಒಂದು. ತಂದೆ ತಾಯಿಯಲ್ಲೇ ಸಿಗುವುದು ಅಪರೂಪ. ಸೋದರಮಾವ-ಸೊಸೆ, ಅತ್ತೆ ಮಗ-ಮಾವನ ಮಗಳು ಮದುವೆಯಾದ ಮನೆತನಗಳಲ್ಲಿ ಇಬ್ಬರ ಕಡೆಯಿಂದಲೂ ಒಂದೇ ಜೀನು ಬರುವ ಸಾಧ್ಯತೆ ಹೆಚ್ಚು, ಅಂಥ ಕಡೆ ದೊಡ್ಡಪ್ಪ ಚಿಕ್ಕಪ್ಪನ ಮಕ್ಕಳನ್ನೂ ಪರೀಕ್ಷಿಸಿ.

ಜೊತೆಜೊತೆಗೇ ದಾನಿಗಳ ಪಟ್ಟಿ ಇಟ್ಟವರನ್ನು ಸಂಪರ್ಕಿಸಿ. ಬೆಂಗಳೂರಿನ ಸಂಕಲ್ಪ ಇಂಡಿಯಾ ಫೌಂಡೇಶನ್ ಬಾಂಬೆ ಗುಂಪಿನ ದಾನಿಗಳ ಜಾಲ ನಡೆಸುತ್ತದೆ. ಕೋರಿಕೆ ರಕ್ತನಿಧಿಯ ಮೂಲಕ ಹೋಗಲಿ, ಪರೀಕ್ಷೆಯ ವರದಿಯ ಸಮೇತ. ಮನೆಯವರು ಸ್ಟೇಟಸ್ ಹಾಕಿ ಕೇಳಿದರೆ ಕಾರ್ಡಿನಲ್ಲಿ ಓ ಎಂದಿರುವ ನೂರು ಮಂದಿ ಬರುತ್ತಾರೆ.

ಇನ್ನೊಂದು ಮುಖ್ಯ ಮಾತು, ಇದನ್ನು ಬಹಳ ಕಡೆ ಮರೆಯುತ್ತಾರೆ. ಅಣ್ಣ ತಂಗಿ ಅಥವಾ ಯಾವುದೇ ರಕ್ತಸಂಬಂಧಿಯ ಬ್ಯಾಗನ್ನು ವಿಕಿರಣ ಹಾಯಿಸದೆ, ಅಂದರೆ ಇರ್‍ರೇಡಿಯೇಷನ್ ಮಾಡದೆ ಕೊಡಬಾರದು. ಸಂಬಂಧಿಯ ಬಿಳಿ ಕಣಗಳನ್ನು ರೋಗಿಯ ದೇಹ ಹೊರಗಿನದು ಎಂದು ಗುರುತಿಸದೇ ಹೋಗಬಹುದು. ಅವು ಒಳಗೆ ಬೆಳೆದು ರೋಗಿಯ ಚರ್ಮ, ಕರುಳು, ಲಿವರ್, ಮಜ್ಜೆಯ ಮೇಲೆ ತಿರುಗಿಬೀಳುತ್ತವೆ. ಒಂದೆರಡು ವಾರದಲ್ಲಿ ಜ್ವರ, ಮೈಮೇಲೆ ದದ್ದು, ಭೇದಿ, ಆಮೇಲೆ ಎಲ್ಲ ರಕ್ತಕಣಗಳೂ ಕುಸಿಯುತ್ತವೆ. ಈ ತೊಂದರೆ ಬಂದವರಲ್ಲಿ ಬದುಕುವವರು ತೀರ ಕಡಿಮೆ. 25 ಗ್ರೇ ಅಳತೆಯ ವಿಕಿರಣ ಕೊಟ್ಟರೆ ಆ ಬಿಳಿ ಕಣಗಳು ಬೆಳೆಯಲಾರವು. ಬಿಳಿ ಕಣ ಸೋಸುವ ಫಿಲ್ಟರ್ ಇದಕ್ಕೆ ಬದಲಿ ಅಲ್ಲ. ರಕ್ತಕ್ಕೇ ಮೀಸಲಾದ ಯಂತ್ರ ದೊಡ್ಡ ಊರುಗಳಲ್ಲಷ್ಟೇ ಇದೆ, ಕ್ಯಾನ್ಸರ್ ಆಸ್ಪತ್ರೆಯ ಲೀನಿಯರ್ ಆ್ಯಕ್ಸಿಲರೇಟರ್‌ನಲ್ಲೂ ಮಾಡಿಸಬಹುದು. ವಿಕಿರಣದ ನಂತರ ಕಣದಿಂದ ಪೊಟ್ಯಾಸಿಯಂ ಸೋರುವುದು ಹೆಚ್ಚುತ್ತದೆ, ಹಾಗಾಗಿ ಕೊಡುವ ದಿನಕ್ಕೆ ಹತ್ತಿರವಾಗಿ ಮಾಡಿಸಿ, ಮಕ್ಕಳಿಗಂತೂ ಖಂಡಿತ.

ದಾನಿ ಬಾಂಬೆ ಎಂಬ ಕಾರಣಕ್ಕೆ ನಿಯಮ ಸಡಿಲವಿಲ್ಲ: 18ರಿಂದ 65 ವಯಸ್ಸು, ಹಿಮೋಗ್ಲೋಬಿನ್ 12.5, ತೂಕ 45 ಕಿಲೋ ಇದ್ದರೆ 350 ಮಿಲಿ, 55 ದಾಟಿದ್ದರೆ 450 ಮಿಲಿ. ಗಂಡಸರಿಗೆ 90 ದಿನ, ಹೆಂಗಸರಿಗೆ 120 ದಿನದ ಅಂತರ. ಎಚ್‌ಐವಿ, ಹೆಪಟೈಟಿಸ್ ಬಿ ಮತ್ತು ಸಿ, ಸಿಫಿಲಿಸ್, ಮಲೇರಿಯಾ ಪರೀಕ್ಷೆ ಮುಗಿಯದೆ ಬ್ಯಾಗ್ ಹೊರಗೆ ಬರುವುದಿಲ್ಲ.

ಬೇರೆ ಊರಿನಿಂದ ತರಿಸುವಾಗ ದಾನಿಯನ್ನು ಕರೆಸುವುದಕ್ಕಿಂತ ಬ್ಯಾಗ್ ಕರೆಸುವುದು ಒಳ್ಳೆಯದು. ದಾನಿ ತನ್ನ ಊರಿನ ಲೈಸೆನ್ಸ್ ಇರುವ ರಕ್ತನಿಧಿಯಲ್ಲಿ ಕೊಡಲಿ, ಪೆಟ್ಟಿಗೆ ರಕ್ತನಿಧಿಯಿಂದ ರಕ್ತನಿಧಿಗೆ ಬರಲಿ. ದಾರಿಯಲ್ಲಿ ಒಳಗಿನ ಉಷ್ಣತೆ 10 ಡಿಗ್ರಿ ದಾಟಬಾರದು. ಐಸ್ ಪ್ಯಾಕ್ ನೇರವಾಗಿ ಬ್ಯಾಗಿಗೆ ತಾಗಬಾರದು, ನಡುವೆ ಥರ್ಮಾಕೋಲ್ ಅಥವಾ ರಟ್ಟು ಇಡಿ. ಕಣ ಹೆಪ್ಪುಗಟ್ಟಿ ಕರಗಿದರೆ ಒಡೆದುಹೋಗುತ್ತದೆ, ಅಷ್ಟು ದೂರದಿಂದ ಬಂದ ಬ್ಯಾಗ್ ಚೆಲ್ಲಬೇಕಾಗುತ್ತದೆ. ಬಂದ ಮೇಲೂ ಕ್ರಾಸ್‌ಮ್ಯಾಚ್ ಕಡ್ಡಾಯ: ಇಬ್ಬರೂ ಬಾಂಬೆ ಎಂದರೂ ಆರ್‌ಎಚ್ ಬೇರೆ ಇರಬಹುದು, ಬೇರೆ ಆ್ಯಂಟಿಬಾಡಿ ಇರಬಹುದು.

ಪ್ಯಾಥೋ ಧಾರವಾಡ

ಬ್ಯಾಗ್ ಬರೋ ತನಕ ಕೈಕಟ್ಟಿ ಕೂಡಬೇಕಾಗಿಲ್ರಿ. ಹಿಮೋಗ್ಲೋಬಿನ್ 7ರ ಮ್ಯಾಲ ಇದ್ದು, ರಕ್ತಸ್ರಾವ ಇಲ್ಲ, ಹೃದಯದ ತೊಂದ್ರಿ ಇಲ್ಲ ಅಂದ್ರ ರಕ್ತಾ ಬೇಕೋ ಬ್ಯಾಡೋ ಅಂತ ಮೊದಲ ಡಾಕ್ಟರ್ ಕೂಡ ಮಾತಾಡ್ರಿ. ಕಬ್ಬಿಣದ ಕೊರತಿ ಇದ್ರ ರಕ್ತನಾಳದಾಗ ಕಬ್ಬಿಣ ಕೊಡಬಹುದು. ಪರೀಕ್ಷಾಕ್ಕ ರಕ್ತಾ ತೆಗೆಯೋದು ಕಡಿಮಿ ಮಾಡ್ರಿ, ಮಕ್ಕಳ ಟ್ಯೂಬ್ ಬಳಸ್ರಿ. ಹೆರಿಗಿ, ಆಪರೇಷನ್‌ಗೆ ಟ್ರಾನೆಕ್ಸಾಮಿಕ್ ಆ್ಯಸಿಡ್ (ರಕ್ತಸ್ರಾವ ತಡೆಯೋ ಔಷಧಿ) ಕೈಯಾಗ ಇಟ್ಕೋರಿ, ಸೆಲ್ ಸೇವರ್ (ಹರಿದ ರಕ್ತಾ ತೊಳೆದು ರೋಗಿಗೇ ವಾಪಸ್ ಕೊಡೋ ಯಂತ್ರ) ಇರೋ ಆಸ್ಪತ್ರಿಗೆ ಮೊದಲ ಕಳಸ್ರಿ.

ಮುಂದಿನ ತಿಂಗಳ ಆಪರೇಷನ್ ಇದ್ರ ರೋಗಿದೇ ರಕ್ತಾ ತೆಗೆದಿಡಬಹುದು. ಹಿಮೋಗ್ಲೋಬಿನ್ ಕಡಿಮಿ ಅಂದ್ರೂ 11 ಇರಬೇಕು, ಕಡೀ ಬ್ಯಾಗ್ ಆಪರೇಷನ್‌ಗಿಂತ 72 ತಾಸು ಮೊದಲ ತೆಗೆದಿರಬೇಕು. ರಕ್ತಾ ಕಾಪಾಡೋ ದ್ರಾವಣ ಸಿಪಿಡಿಎ ಇರೋ ಚೀಲದಾಗ 35 ದಿನಾ, ಸ್ಯಾಗ್‌ಎಂ ಅನ್ನೋ ಇನ್ನೊಂದು ದ್ರಾವಣ ಹಾಕಿದ್ರ 42 ದಿನಾ ಬರ್ತದ. ಬಾಂಬೆ ಬಸುರಿ ಹೆಂಗಸರ ಹೆಸರು ರಕ್ತನಿಧಿಯಾಗ ಏಳನೇ ತಿಂಗಳಿಗೇ ಬರೆಸಿರಬೇಕು, ಬ್ಯಾನಿ ಬಂದ ಮ್ಯಾಲಲ್ಲ.

ವಾರ್ಡ್ ಸಿಸ್ಟರ್

ಬ್ಯಾಗ್ ಬಂದ ಮೇಲೆ ನಮ್ಮ ಕಡೆ ಏನಾದರೂ ವಿಶೇಷ ಎಚ್ಚರಿಕೆ ಇದೆಯೇ?

ಬೆಂಗಳೂರು ಇಮ್ಯುನೋಹೆಮ

ಎಲ್ಲ ರಕ್ತಕ್ಕೂ ಇರುವುದೇ, ಆದರೆ ಇಲ್ಲಿ ಎರಡನೇ ಬ್ಯಾಗ್ ಸಿಗುವುದಿಲ್ಲ. ಹಾಗಾಗಿ ಕ್ಯಾನ್ಯುಲಾ ಸರಿ ಇದೆಯೇ, ಜ್ವರ ಇಲ್ಲವೇ ಎಂದು ಮೊದಲು ನೋಡಿ, ಆಮೇಲೆ ಬ್ಯಾಗ್ ತರಿಸಿ. ಫ್ರಿಜ್‌ನಿಂದ ಹೊರಬಂದು 30 ನಿಮಿಷ ಮೀರಿದರೆ ರಕ್ತನಿಧಿ ವಾಪಸ್ ಸ್ಟಾಕಿಗೆ ತೆಗೆದುಕೊಳ್ಳುವುದಿಲ್ಲ. ಬಿಸಿನೀರಿನಲ್ಲಿ, ರೇಡಿಯಂಟ್ ವಾರ್ಮರ್ ಕೆಳಗೆ ಇಡಬೇಡಿ. ಹೆಸರು, ಐಪಿ ನಂಬರ್, ಬ್ಯಾಗ್ ನಂಬರ್, ಗುಂಪು, ಎಕ್ಸ್‌ಪೈರಿ ಇಬ್ಬರು ಹಾಸಿಗೆಯ ಬಳಿಯೇ ಗಟ್ಟಿಯಾಗಿ ಓದಿ ತಾಳೆ ನೋಡಿ. ರೋಗಿ ಮಾತಾಡುವ ಸ್ಥಿತಿಯಲ್ಲಿದ್ದರೆ ಅವರ ಬಾಯಿಂದಲೇ ಹೆಸರು ಹೇಳಿಸಿ, "ನೀವು ಲಕ್ಷ್ಮಮ್ಮ ಅಲ್ವಾ" ಎಂದರೆ ಯಾರು ಬೇಕಾದರೂ ಹೂಂ ಎನ್ನುತ್ತಾರೆ.

ಫಿಲ್ಟರ್ ಇರುವ ಬ್ಲಡ್ ಸೆಟ್ಟೇ ಬೇಕು. ಅದೇ ಲೈನಿನಲ್ಲಿ ನಾರ್ಮಲ್ ಸಲೈನ್ ಬಿಟ್ಟು ಬೇರೇನೂ ಬೇಡ: ರಿಂಗರ್ ಲ್ಯಾಕ್ಟೇಟ್‌ನ ಕ್ಯಾಲ್ಸಿಯಂ ಸೆಟ್ಟಿನಲ್ಲೇ ರಕ್ತ ಹೆಪ್ಪುಗಟ್ಟಿಸುತ್ತದೆ, ಡೆಕ್ಸ್‌ಟ್ರೋಸ್ ಕಣ ಒಡೆಯುತ್ತದೆ. ಮೊದಲ 15 ನಿಮಿಷ ನಿಮಿಷಕ್ಕೆ 1ರಿಂದ 2 ಮಿಲಿ, ಅಂದರೆ 20 ಹನಿಗೆ ಒಂದು ಮಿಲಿ ಬೀಳುವ ಸೆಟ್ಟಿನಲ್ಲಿ 20ರಿಂದ 40 ಹನಿ. ಆ ಹೊತ್ತು ಅಲ್ಲೇ ಇರಿ. ಒಟ್ಟು 4 ಗಂಟೆಯೊಳಗೆ ಮುಗಿಯಬೇಕು.

ಚಳಿ, ಜ್ವರ, ಸೊಂಟದ ಮೇಲ್ಭಾಗದಲ್ಲಿ ನೋವು, ಸೂಜಿ ಹಾಕಿದ ನರದುದ್ದಕ್ಕೂ ಉರಿ, ಬಿಪಿ ಇಳಿಕೆ, ಕೆಂಪು ಮೂತ್ರ, ಇವುಗಳಲ್ಲಿ ಒಂದು ಕಂಡರೂ ನಿಲ್ಲಿಸಿ. ಅರಿವಳಿಕೆ ಕೊಟ್ಟ ರೋಗಿ ಏನೂ ಹೇಳಲಾರರು. ಕಾರಣವಿಲ್ಲದೆ ಬಿಪಿ ಬೀಳುವುದು, ಗಾಯದ ಎಲ್ಲ ಕಡೆ ಜಿನುಗುವುದು, ಮೂತ್ರದ ಚೀಲ ಕೆಂಪಾಗುವುದು ಓಟಿಯಲ್ಲಿ ಕಾಣುವ ಲಕ್ಷಣ. ಮಂಜು ಅವರೇ, ಇದು ನಿಮಗೆ. ಸೂಜಿ ತೆಗೆಯಬೇಡಿ, ಸೆಟ್ ಪೂರ್ತಿ ಬದಲಿಸಿ ಹೊಸ ಸೆಟ್ಟಿನಲ್ಲಿ ಸಲೈನ್ ಹಾಕಿ. ಡಾಕ್ಟರನ್ನು ಕರೆಯಿರಿ, ಲೇಬಲ್ ಮತ್ತೆ ತಾಳೆ ನೋಡಿ. ಉಳಿದ ಬ್ಯಾಗ್ ಸೆಟ್ಟಿನ ಸಮೇತ, ಇನ್ನೊಂದು ಕೈಯಿಂದ ತೆಗೆದ ಹೊಸ ಇಡಿಟಿಎ ಮತ್ತು ಪ್ಲೇನ್ ಸ್ಯಾಂಪಲ್, ಮೊದಲ ಮೂತ್ರ, ಇಷ್ಟೂ ರಕ್ತನಿಧಿಗೆ ಹೋಗಬೇಕು. ಬ್ಯಾಗ್ ಎಸೆದರೆ ಕಾರಣ ಎಂದಿಗೂ ತಿಳಿಯುವುದಿಲ್ಲ.

ಶಿಬಿರ ಸಂಯೋಜಕ

ಬದಿಗೆ ಒಂದು ಪ್ರಶ್ನೆ. ತಂದೆ ಓ, ತಾಯಿ ಓ, ಮಗು ಬಿ ಎಂದು ಕಾರ್ಡ್ ತೋರಿಸಿ ಮನೆಯಲ್ಲಿ ಜಗಳ ಆದ ಪ್ರಸಂಗಗಳನ್ನು ಕೇಳುತ್ತೇವೆ. ಇದಕ್ಕೂ ಬಾಂಬೆಗೂ ಸಂಬಂಧ ಇದೆಯೇ?

ಪ್ಯಾಥೋ ಧಾರವಾಡ

ಇರಬಹುದ್ರಿ. ಎಬಿಓ ಜೀನ್ 9ನೇ ಕ್ರೋಮೋಸೋಮಿನಾಗ, ಎಚ್ ಜೀನ್ 19ನೇದ್ರಾಗ. ಬಾಂಬೆ ತಂದೆ ಹತ್ರ ಬಿ ಜೀನ್ ಇದ್ದೇ ಇರಬಹುದು, ಅಡಿಪಾಯ ಇಲ್ಲದ್ದಕ್ಕ ಕಾಣಿಸಂಗಿಲ್ಲ. ಮಗೂಗ ತಾಯಿ ಕಡಿಂದ ಒಳ್ಳೆ ಎಚ್ ಜೀನ್ ಬಂತಂದ್ರ ತಂದೆ ಕಡಿಂದ ಬಂದ ಬಿ ಎದ್ದು ಕಾಣ್ತದ. ಮೊದಲ ಮೂರೂ ಮಂದಿದು ಗುಂಪು ರಕ್ತನಿಧಿಯಾಗ ಫಾರ್ವರ್ಡ್, ರಿವರ್ಸ್ ಎರಡೂ ಮಾಡಿಸ್ರಿ. ಎಷ್ಟೋ ಸಲ ಕಾರ್ಡೇ ತಪ್ಪಿರ್ತದ. ನಾಲ್ಕಾರು ತಿಂಗಳೊಳಗಿನ ಕೂಸಿಗೆ ರಿವರ್ಸ್ ನಂಬಬ್ಯಾಡ್ರಿ, ಅದರ ರಕ್ತದಾಗಿರೋ ಆ್ಯಂಟಿಬಾಡಿ ತಾಯಿದು.

ಬೆಂಗಳೂರು ಇಮ್ಯುನೋಹೆಮ

ಡಿ ಪರೀಕ್ಷೆಯಲ್ಲೂ ಇದೇ ಥರದ ಗೊಂದಲ ಇದೆ, ಸೇರಿಸಿಬಿಡುತ್ತೇನೆ. ದುರ್ಬಲ ಡಿ (ಕಣದ ಮೇಲೆ ಡಿ ಬಹಳ ಕಡಿಮೆ) ಇರುವವರು ದಾನಿಯಾದಾಗ ಪಾಸಿಟಿವ್ ಎಂದು ಲೇಬಲ್ ಹಾಕಬೇಕು, ರೋಗಿಯಾದಾಗ ನೆಗೆಟಿವ್ ಎಂದು ನೋಡಿಕೊಳ್ಳುವುದು ಸುರಕ್ಷಿತ. ಒಬ್ಬರ ಬಳಿಯೇ ಎರಡು ಥರದ ಕಾರ್ಡ್ ಇದ್ದರೆ ಯಾರೋ ಸುಳ್ಳು ಬರೆದಿದ್ದಾರೆ ಎಂದು ತಿಳಿಯಬೇಕಾಗಿಲ್ಲ.

ವಾರ್ಡ್ ಸಿಸ್ಟರ್

ಕೊನೆಯದಾಗಿ, ಡಿಸ್ಚಾರ್ಜ್ ಸಾರಾಂಶದಲ್ಲಿ ಏನು ಬರೆದರೆ ಮುಂದಿನ ಆಸ್ಪತ್ರೆಗೆ ಅರ್ಥವಾಗುತ್ತದೆ?

ಉಡುಪಿ ಬ್ಲಡ್ ಸೆಂಟರ್

ಬಾಂಬೆ ಎಂದು ಮಾತ್ರ ಬರೆದರೆ ಊರಿನ ಹೆಸರು ಎಂದುಕೊಳ್ಳುವವರಿದ್ದಾರೆ. ಪೂರ್ತಿ ಬರೆಯಿರಿ: "ಬಾಂಬೆ ರಕ್ತಗುಂಪು, ಆರ್‌ಎಚ್ ಡಿ ಪಾಸಿಟಿವ್. ಸ್ಲೈಡ್ ಪರೀಕ್ಷೆಯಲ್ಲಿ ಓ ಎಂದು ಕಾಣುತ್ತದೆ. ಓ ಗುಂಪಿನ ಕೆಂಪು ಕಣ ಕೊಡಬಾರದು. ಬಾಂಬೆ ಗುಂಪಿನ ಕೆಂಪು ಕಣ ಮಾತ್ರ. ಪ್ಲಾಸ್ಮಾ ಯಾವ ಗುಂಪಿನದಾದರೂ ಆಗುತ್ತದೆ." ಕೆಳಗೆ ಪರೀಕ್ಷೆ ಮಾಡಿದ ರಕ್ತನಿಧಿಯ ಹೆಸರು, ತಾರೀಖು, ಫೋನ್ ನಂಬರ್. ಇದೇ ಸಾಲುಗಳನ್ನು ಇಂಗ್ಲಿಷ್‌ನಲ್ಲೂ ಬರೆದು ಲ್ಯಾಮಿನೇಟ್ ಮಾಡಿಸಿ ಎರಡು ಪ್ರತಿ ಕೊಡಿ, ಒಂದು ರೋಗಿಯ ಬಳಿ, ಇನ್ನೊಂದು ಮನೆಯವರ ಬಳಿ. ಹಳೇ ಓ ಪಾಸಿಟಿವ್ ಕಾರ್ಡನ್ನು ವಾಪಸ್ ಇಸಿದುಕೊಂಡು ಅಡ್ಡಗೆರೆ ಎಳೆಯಿರಿ. ಡ್ರೈವಿಂಗ್ ಲೈಸೆನ್ಸಿನಲ್ಲಿ, ಕಾಲೇಜು ಗುರುತಿನ ಚೀಟಿಯಲ್ಲಿ ಓ ಎಂದಿದ್ದರೆ ಅದನ್ನೂ ತಿದ್ದಿಸಿಕೊಳ್ಳಲು ಹೇಳಿ, ಅಪಘಾತವಾದಾಗ ಎಲ್ಲರೂ ಮೊದಲು ನೋಡುವುದು ಅದನ್ನೇ.